ಇದ್ದಿಲು ತಿನ್ನುವ ಮಂಗ



ಮಂಗ ಅಂದ ಕೂಡಲೇ ನಮಗೆ ತೋಟದ ಲೂಟಿ ನೆನಪಾಗುತ್ತದೆ. ಇವತ್ತು ನಾವು ದೂರದ ಒಂದು ಮಂಗದ ವಿಷಯ ಹೇಳುತ್ತೇವೆ. ಅದರ ಮೇಲೂ ಇದೇ ದೂರು.

ನಮ್ಮ ಮಂಗಳೂರಿನ ಕಡಲು ದಾಟಿದರೆ ಆಚೆಗೆ ಆಫ್ರಿಕಾ. ಅದರ ಪೂರ್ವ ದಡದ ಹತ್ತಿರ ಜಾಂಜಿಬಾರ್ ಎಂಬ ದ್ವೀಪವಿದೆ. ಟಾಂಜಾನಿಯಾ ದೇಶಕ್ಕೆ ಸೇರಿದ್ದು. ತೆಂಗು, ಮಾವು, ಲವಂಗ ಬೆಳೆಯುವ ಜಾಗ. ಅಲ್ಲಿ ಜೋಜಾನಿ ಎಂಬ ಕಾಡಿದೆ. ಜಾಂಜಿಬಾರಿನ ಕೆಂಪು ಕೊಲೊಬಸ್ ಮಂಗಗಳು ಹೆಚ್ಚಾಗಿ ಇರುವುದು ಆ ಕಾಡಿನಲ್ಲಿ, ಅದರ ಸುತ್ತಮುತ್ತ. ಬೇರೆ ದೇಶದ ಕಾಡಿನಲ್ಲಿ ಈ ಜಾತಿ ಇಲ್ಲ.

ಬೆನ್ನು ಕೆಂಪು, ಮುಖ ಕಪ್ಪು, ಹೊಟ್ಟೆ ಬಿಳಿ. ಕೈಗೆ ನಾಲ್ಕೇ ಬೆರಳು. ಹೆಬ್ಬೆಟ್ಟಿನ ಜಾಗದಲ್ಲಿ ಸಣ್ಣ ಗಂಟು ಅಷ್ಟೆ. ಹೆಬ್ಬೆಟ್ಟು ಒತ್ತು ಅಂದರೂ ಪಾಪ, ಅದು ಒತ್ತಲಾರದು!

ಎಲೆ, ಚಿಗುರು, ಕಾಯಿ ಇದರ ಊಟ. ಸಿಹಿ ಹಣ್ಣು ಹೊಟ್ಟೆಗೆ ಆಗಿಬರುವುದಿಲ್ಲ. ತೋಟದ ಮಾವಿನ ಎಲೆ, ಕಾಡುಬಾದಾಮಿ ಎಲೆ ಬಹಳ ಇಷ್ಟ. ಆ ಎಲೆಗಳಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ರಸ ಇರುತ್ತದೆ. ಅದಕ್ಕೆ ಮಂಗ ಏನು ಮಾಡುತ್ತೆ ಗೊತ್ತೇ? ಸುಟ್ಟ ಬೊಡ್ಡೆ ಹುಡುಕಿ ಇದ್ದಿಲು ತಿನ್ನುತ್ತೆ. ಇದ್ದಿಲು ಆ ರಸವನ್ನು ಹೀರಿಕೊಳ್ಳುತ್ತದೆ. ತಾಯಿಯನ್ನು ನೋಡಿ ಮರಿಯೂ ಕಲಿಯುತ್ತದೆ.

ಊರಿನವರು ಇದಕ್ಕೆ ಇಟ್ಟ ಹೆಸರು 'ಕಿಮಾ ಪುಂಜು', ಅಂದರೆ ವಿಷದ ಮಂಗ. ಇದು ತಿಂದ ಮರ ಒಣಗುತ್ತದೆ ಎಂಬ ನಂಬಿಕೆ. ತೆಂಗಿನ ಫಸಲು ಹಾಳು ಮಾಡುತ್ತದೆ ಎಂಬ ಸಿಟ್ಟು ಬೇರೆ. ಸಂಶೋಧಕರು ತೋಟದಲ್ಲಿ ಕೂತು ಎಣಿಸಿದರು. 1999ರಲ್ಲಿ ಫಲಿತಾಂಶ ಬಂತು. ಮಂಗ ತಿನ್ನುತ್ತಿದ್ದದ್ದು ಎಳೆ ಹೀಚು. ಫಸಲು ಕಡಿಮೆ ಆಗಿರಲಿಲ್ಲ! ಹೀಚು ಎಷ್ಟೋ ತಾನಾಗಿಯೇ ಉದುರುತ್ತದೆ, ತೆಂಗು ಬೆಳೆಯುವ ನಿಮಗೆ ಇದು ಗೊತ್ತು. ಹಾಗಂತ ಬೇರೆ ಬೆಳೆಗೆ ನಷ್ಟವೇ ಇಲ್ಲ ಎಂದಲ್ಲ.

ಕಾಡು ಕರಗಿದ್ದು ಹೇಗೆ? ಸೌದೆಗೆ ಕಡಿದರು, ಇದ್ದಿಲು ಸುಟ್ಟರು, ಹೊಲ ಮಾಡಿದರು. ಕಡಿದವರಲ್ಲಿ ಬಡವರೇ ಹೆಚ್ಚು. ಒಲೆ ಉರಿಯಬೇಕಲ್ಲ. ಅವರನ್ನು ಬೈದರೆ ಮರ ಚಿಗುರುವುದಿಲ್ಲ. ಅದಕ್ಕೇ ಕಾಡು ನೋಡಲು ಬರುವವರು ಕೊಡುವ ಹಣದಲ್ಲಿ ಒಂದು ಪಾಲನ್ನು ಸುತ್ತಲಿನ ಹಳ್ಳಿಗಳಿಗೆ ಕೊಡುವ ಏರ್ಪಾಡಾಯಿತು. ಬೆಳೆ ನಷ್ಟಕ್ಕೂ ಪರಿಹಾರ ಬಂತು. ನಮ್ಮ ಮಟ್ಟಿಗೆ ಇದೇ ದೊಡ್ಡ ಕೆಲಸ. ಕಾಡಿನ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಮಂಗಗಳು ಸಾಯುತ್ತಿದ್ದವು. ಅಲ್ಲಿ ಉಬ್ಬು ಹಾಕಿದ ಮೇಲೆ ಸಾವು ಕಡಿಮೆಯಾಯಿತು. 2004ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

2019ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ಸುಮಾರು 5,800 ಮಂಗ ಸಿಕ್ಕವು. ಮೊದಲು ಅಂದಾಜು ಮಾಡಿದ್ದಕ್ಕಿಂತ ಬಹಳ ಜಾಸ್ತಿ. ಆದರೂ ಅಳಿವಿನ ಪಟ್ಟಿಯಿಂದ ಹೆಸರು ಹೋಗಿಲ್ಲ. ಕೆಲವು ಗುಂಪುಗಳು ಉದ್ಯಾನದ ಹೊರಗಿನ ತುಂಡು ಕಾಡಿನಲ್ಲಿವೆ. ಅಲ್ಲಿ ಕಾವಲಿಲ್ಲ, ಕೊಡಲಿ ಇದೆ.