ರೋಗಾಣುವಿನ ಕೈಯಲ್ಲಿ ಕತ್ತರಿ

(ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ವಿಚಾರವಾಗಿ ನಾವು ಎಷ್ಟೋ ಸಲ ಸೇರಿದ್ದೇವೆ. ಇಂದು ಸೇರಿರುವುದು ಔಷಧದ ವಿಚಾರಕ್ಕಾಗಿ. ಇದು ಡಾಕ್ಟರುಗಳ ಮಾತು, ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಾಣಂತಿಯ ನಂಜು, ಕೂಸಿನ ನ್ಯುಮೋನಿಯಾ, ಯಂತ್ರಕ್ಕೆ ಸಿಕ್ಕ ಬೆರಳಿನ ಕೀವು, ಇವೆಲ್ಲ ನಮ್ಮ ಮನೆಗೆ ಬರುವ ಸಂಕಟಗಳು. ಇವನ್ನು ವಾಸಿಮಾಡುವ ಮದ್ದೇ ಕೈಕೊಡತೊಡಗಿದರೆ ಅದು ನಮ್ಮ ವಿಚಾರವಲ್ಲದೆ ಇನ್ನಾರದು?

ಮದ್ದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ತಿಳಿಯೋಣ. ಬ್ಯಾಕ್ಟೀರಿಯವೆಂಬ ರೋಗಾಣುವಿನ ಸುತ್ತ ಒಂದು ಗೋಡೆ ಇರುತ್ತದೆ. ಅದು ಕಟ್ಟಿದ ಗೋಡೆಯಲ್ಲ, ನೇಯ್ದ ಗೋಡೆ. ಉದ್ದದ ಎಳೆಗಳು ಹಾಸಿನಂತೆ, ಅವನ್ನು ಅಡ್ಡಲಾಗಿ ಬಿಗಿಯುವ ಕೊಂಡಿಗಳು ಹೊಕ್ಕಿನಂತೆ. ಮಗ್ಗದ ಮುಂದೆ ನಿಂತು ದುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಹೊಕ್ಕು ಹಾಕುವ ಕೆಲಸ ಕಿಣ್ವಗಳದು, ಎಂದರೆ ಎಂಜೈಮುಗಳದು. ಪೆನಿಸಿಲಿನ್ ಅಣುವಿನೊಳಗೆ ನಾಲ್ಕು ಮೂಲೆಯ ಒಂದು ಪುಟ್ಟ ಬಳೆಯಿದೆ. ಅದು ಆ ಕಿಣ್ವಕ್ಕೆ ಸಿಕ್ಕಿಕೊಂಡು ನೇಯ್ಗೆಯನ್ನು ನಿಲ್ಲಿಸಿಬಿಡುತ್ತದೆ. ಹೊಕ್ಕಿಲ್ಲದ ಗೋಡೆ ಹರಿಯುತ್ತದೆ, ರೋಗಾಣು ಸಾಯುತ್ತದೆ.

ಆದರೆ ಕೆಲವು ರೋಗಾಣುಗಳ ಬಳಿ ಬೇರೊಂದು ಕಿಣ್ವವುಂಟು. ಬೀಟಾ-ಲ್ಯಾಕ್ಟಮೇಸ್ ಎಂದು ಅದರ ಹೆಸರು. ಕತ್ತರಿ ಎಂದು ಅದರ ಕೆಲಸ. ಮದ್ದಿನ ಬಳೆಯನ್ನು ಅದು ಕಡಿದು ಹಾಕುತ್ತದೆ. ಒಂದನ್ನು ಕಡಿದು ಮೊಂಡಾಗುವ ಕತ್ತರಿಯಲ್ಲ. ಒಂದಾದ ಮೇಲೊಂದು ಅಣುವನ್ನು ಕಡಿಯುತ್ತಲೇ ಹೋಗುತ್ತದೆ.

ಈ ಕತ್ತರಿ ಹೊಸದೇನಲ್ಲ. ಪೆನಿಸಿಲಿನ್ ಸಾಮಾನ್ಯ ರೋಗಿಗೆ ಇನ್ನೂ ದೊರೆಯದಿದ್ದ 1940ರಲ್ಲಿಯೇ ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು ಇದನ್ನು ಕಂಡಿದ್ದರು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗಲೇ, ಸಾಲದಷ್ಟು ಮದ್ದು ಕೊಟ್ಟರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುತ್ತವೆಂದು ಎಚ್ಚರಿಸಿದ್ದರು. ಆಮೇಲೆ ಮನುಷ್ಯ ಹೊಸ ಹೊಸ ಮದ್ದು ಮಾಡಿದ. ರೋಗಾಣುಗಳಲ್ಲಿ ಹೊಸ ಹೊಸ ಕತ್ತರಿಗಳು ಹಬ್ಬಿದವು. ಕತ್ತರಿಯ ಬಾಯಿಗೇ ಸಿಕ್ಕಿಬಿದ್ದು ಅದನ್ನು ಕಟ್ಟಿಹಾಕುವ ಕ್ಲಾವುಲಾನಿಕ್ ಆಮ್ಲ 1980ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಕೊನೆಯ ಆಸರೆಯೆಂದು ಕಾರ್ಬಪೆನೆಮ್ ಎಂಬ ಮದ್ದುಗಳನ್ನು ಇಟ್ಟುಕೊಂಡರು.

ಆ ಆಸರೆಯನ್ನೂ ಕಡಿಯುವ ಕಿಣ್ವವೊಂದು 2008ರಲ್ಲಿ ಸ್ವೀಡನ್ನಿನಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಮರಳಿದ್ದ ರೋಗಿಯೊಬ್ಬರಲ್ಲಿ ಪತ್ತೆಯಾಯಿತು. ಅದಕ್ಕೆ ನಮ್ಮ ರಾಜಧಾನಿಯ ಹೆಸರಿಟ್ಟು ಎನ್‌ಡಿಎಂ-1 ಎಂದು ಕರೆದರು. ಕ್ಲಾವುಲಾನಿಕ್ ಆಮ್ಲದ ಆಟ ಇದರ ಮುಂದೆ ನಡೆಯದು. 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದೆಹಲಿಯ ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲಿ, ಬೀದಿಯಲ್ಲಿ ನಿಂತ ಕೊಳೆನೀರಿನ 171 ಮಾದರಿಗಳ ಪೈಕಿ 51ರಲ್ಲಿ ಇದರ ವಂಶವಾಹಿ ಕಂಡುಬಂತು. ರಾಜಧಾನಿಯ ಹೆಸರು ಕೆಟ್ಟಿತೆಂದು ದೊಡ್ಡ ಗದ್ದಲವಾಯಿತು. ನೀರು ಕೆಟ್ಟಿದೆಯೆಂದು ಆಗಬೇಕಾದಷ್ಟು ಗದ್ದಲವಾಗಲಿಲ್ಲ.

ನೀರಿನ ಮಾತನ್ನು ಏಕೆ ಎತ್ತಿದೆವೆಂದರೆ, ಕತ್ತರಿಯ ಗುಟ್ಟನ್ನು ರೋಗಾಣುಗಳು ಒಂದರಿಂದೊಂದಕ್ಕೆ ದಾಟಿಸಬಲ್ಲವು. ನಮ್ಮ ಕರುಳಿನಲ್ಲಿರುವ ಸಾಧು ಅಣುಜೀವಿಯಿಂದ ಕೊಲ್ಲುವ ರೋಗಾಣುವಿಗೆ, ನಮ್ಮ ಕರುಳಿನಿಂದ ಚರಂಡಿಗೆ, ಚರಂಡಿಯಿಂದ ಒಡೆದ ಕೊಳಾಯಿಗೆ, ಕೊಳಾಯಿಯಿಂದ ನೆರೆಮನೆಯ ಕೊಡಕ್ಕೆ. ಮದ್ದನ್ನು ಬೇಡದ ಕಡೆ ಬಳಸಿದಾಗಲೆಲ್ಲ ಕತ್ತರಿಯಿಲ್ಲದವು ಸಾಯುತ್ತವೆ, ಕತ್ತರಿಯುಳ್ಳವು ಉಳಿದು ಬೆಳೆಯುತ್ತವೆ.

ಬಡವರು ಅರ್ಧ ಮದ್ದು ನುಂಗಿ ಬಿಡುತ್ತಾರೆ, ಅವರಿಂದಲೇ ಈ ಕೇಡು ಎಂದು ದೊಡ್ಡವರು ಉಪದೇಶಿಸುತ್ತಾರೆ. ನಾವು ಕೇಳುವುದಿಷ್ಟೆ: ಒಂದು ಪಾಳಿ ತಪ್ಪಿದರೆ ಕೂಲಿ ಹೋಗುವಂತಿರುವಾಗ, ಜ್ವರ ಬಂದವನು ಮಲಗುವುದೆಂತು? ಎರಡು ಮಾತ್ರೆ ನುಂಗಿ ಕೆಲಸಕ್ಕೆ ಓಡದೆ ಇನ್ನೇನು ಮಾಡಿಯಾನು? ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರನ್ನು ಶುದ್ಧಿಮಾಡುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಮದ್ದು ಇದ್ದುದು 2007ರಲ್ಲಿ ಬೆಳಕಿಗೆ ಬಂತು. ಅದು ಯಾವ ಕೂಲಿಕಾರ ಚೆಲ್ಲಿದ ಮದ್ದು?

ಹಾಗೆಂದು ನಮ್ಮ ಪಾಲಿನ ಹೊಣೆಯನ್ನು ಜಾರಿಸಲಾಗದು. ನೆಗಡಿ, ಸಾಮಾನ್ಯ ಫ್ಲೂ ಜ್ವರಗಳು ವೈರಸ್ಸಿನವು. ಅವಕ್ಕೆ ಈ ಮದ್ದು ನಾಟುವುದೇ ಇಲ್ಲ. ಆದುದರಿಂದ ಸೂಜಿ ಹಾಕಿರೆಂದು ಡಾಕ್ಟರನ್ನು ನಾವಾಗಿ ಪೀಡಿಸುವುದು ಬೇಡ. ಅವರು ಕೊಟ್ಟ ಮದ್ದನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳೋಣ. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ದಾನ ಮಾಡುವುದು ಬೇಡ. ಅಂಗಡಿಯಿಟ್ಟ ಮಿತ್ರರಿಗೂ ಒಂದು ಮಾತು. ಪೊಟ್ಟಣದ ಮೇಲಿನ ಕೆಂಪು ಗೆರೆ ಅಲಂಕಾರಕ್ಕೆ ಇಟ್ಟದ್ದಲ್ಲ, ಡಾಕ್ಟರ ಚೀಟಿಯಿಲ್ಲದೆ ಮಾರಕೂಡದೆಂಬ ಗುರುತು. 2014ರಿಂದ ಜಾರಿಗೆ ಬಂದ ಎಚ್-1 ಪಟ್ಟಿಯ ಮದ್ದುಗಳಿಗೆ ಲೆಕ್ಕದ ಪುಸ್ತಕವಿಟ್ಟು ಅದನ್ನು 3 ವರ್ಷ ಕಾಯ್ದಿಡಬೇಕೆಂದು ಕಾನೂನಿದೆ. ಎರಡು ಮಾತ್ರೆ ಬಿಡಿಯಾಗಿ ಮಾರಿದ ಲಾಭ ಸಣ್ಣದು. ನಾಳೆ ಅದೇ ಅಂಗಡಿಯವನ ಮಗುವಿಗೆ ಮದ್ದು ನಾಟದಿದ್ದರೆ ಆ ನಷ್ಟ ಯಾವ ಲೆಕ್ಕದಲ್ಲಿಯೂ ತುಂಬಿಬರದು.

ಇಷ್ಟನ್ನು ಮಾಡಿ, ಸರಕಾರವನ್ನು ನಾವು ಕೇಳಬೇಕಾದದ್ದೂ ಇದೆ. ಕಾಯಿಲೆ ಬಿದ್ದವನಿಗೆ, ಅವನು ಖಾಯಂ ಆಗಿರಲಿ ಗುತ್ತಿಗೆಯವನಾಗಿರಲಿ, ಸಂಬಳದ ರಜೆ ಸಿಗಬೇಕು. ಯಾವ ರೋಗಾಣುವಿಗೆ ಯಾವ ಮದ್ದು ನಾಟುತ್ತದೆಂದು ಪರೀಕ್ಷಿಸುವ ಪ್ರಯೋಗಾಲಯ ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿ ನಡೆಯಬೇಕು. ಕುಡಿಯುವ ನೀರಿನ ಕೊಳಾಯಿಯನ್ನು ಚರಂಡಿಯಿಂದ ದೂರವಿಡಬೇಕು. ಔಷಧ ಕಾರ್ಖಾನೆಯ ಕೊಳೆನೀರಿಗೆ ಕಡಿವಾಣ ಬೀಳಬೇಕು. ಹತ್ತು ದಿನ ನುಂಗಿ ಬಿಡುವ ಮದ್ದಿನಲ್ಲಿ ಲಾಭವಿಲ್ಲವೆಂದು ದೊಡ್ಡ ಕಂಪನಿಗಳು ಅನೇಕವು ಈ ಸಂಶೋಧನೆಯನ್ನೇ ಕೈಬಿಟ್ಟಿವೆ. ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸರಕಾರವೇ ಕಾರ್ಖಾನೆ ಸ್ಥಾಪಿಸಿ ದೇಶಕ್ಕೆ ಪೆನಿಸಿಲಿನ್ ಒದಗಿಸಿತು. ಅಂದು ಆದದ್ದು ಇಂದು ಆಗದೇಕೆ?

ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ತಜ್ಞರ ಅಂದಾಜು. ರೋಗಾಣುಗಳು ತಮ್ಮ ಕತ್ತರಿಯನ್ನು ಹಂಚಿಕೊಂಡು ಬದುಕುತ್ತಿವೆ. ನಾವು ನಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳೋಣ. ಇಂದು ಕೇಳಿದ್ದನ್ನು ನಾಳೆಯ ಪಾಳಿಯಲ್ಲಿ ಪಕ್ಕದ ಮಗ್ಗದವನಿಗೆ ಹೇಳಿರಿ. ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.