ಮೊದಲ ಪಂದ್ಯ, ಎರಡನೆಯ ಪಂದ್ಯ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಟದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಡ್ರಿಲ್ ಮಾಸ್ತರನ ಕೈಗೆ ಮೈಕು ಕೊಟ್ಟು ಹತ್ತು ನಿಮಿಷ ಅನ್ನುವುದು ಧೈರ್ಯದ ಕೆಲಸ. ನನಗೆ ಸೀಟಿ ಊದಿ ರೂಢಿ, ಮಾತಾಡಿ ಅಲ್ಲ. ಆದರೂ ಬಹಳ ವರ್ಷಗಳಿಂದ ಮನಸ್ಸಿನಲ್ಲಿರುವ ಒಂದು ವಿಷಯ ಹೇಳುತ್ತೇನೆ. ಅದು ದೊಡ್ಡ ಆಟಗಾರರ ಮೊದಲ ಪಂದ್ಯದ ವಿಷಯ.

ನಮ್ಮ ರಾಜ್ಯದ ಗುಂಡಪ್ಪ ವಿಶ್ವನಾಥ್ ಅವರಿಂದ ಶುರು ಮಾಡೋಣ. 1969ರ ನವೆಂಬರ್, ಕಾನ್ಪುರ, ಎದುರಿಗೆ ಆಸ್ಟ್ರೇಲಿಯಾ. ಭದ್ರಾವತಿಯಲ್ಲಿ ಹುಟ್ಟಿದ ಗಿಡ್ಡ ಹುಡುಗ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆಗೆ ಔಟು. ಅಲ್ಲಿಗೇ ಬರೆದು ಮುಗಿಸಿದ್ದರೆ? ಆದರೆ ಟೆಸ್ಟ್ ಪಂದ್ಯಕ್ಕೆ ಎರಡನೆಯ ಇನ್ನಿಂಗ್ಸ್ ಎಂಬ ಒಳ್ಳೆಯ ಗುಣವಿದೆ. ಅದರಲ್ಲಿ 137 ಹೊಡೆದರು, ಅದರಲ್ಲಿ 25 ಬೌಂಡರಿ. ಇನ್ನೊಂದು ವಿಚಿತ್ರ ಕೇಳಿ. ಅವರಿಗಿಂತ ಮೊದಲು ಭಾರತದ ಪರ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದವರು ಐದು ಜನ. ಲಾಲಾ ಅಮರನಾಥರಿಂದ ಹನುಮಂತ್ ಸಿಂಗ್‌ವರೆಗೆ ಆ ಐವರಲ್ಲಿ ಒಬ್ಬರಿಗೂ ಎರಡನೆಯ ಟೆಸ್ಟ್ ಶತಕ ದಕ್ಕಲಿಲ್ಲ. ವಿಶ್ವನಾಥರಿಗೂ ಎರಡನೆಯದು ಬರಲು 1973 ಬರಬೇಕಾಯಿತು. ಮುಂದೆ ಒಟ್ಟು 14 ಆದವು. ಮೊದಲ ದಿನದ ಸೊನ್ನೆಯೂ ಸುಳ್ಳು ಹೇಳುತ್ತದೆ, ಮೊದಲ ದಿನದ ನೂರೂ ಸುಳ್ಳು ಹೇಳುತ್ತದೆ.

ನಮ್ಮ ಪಕ್ಕದ ಗದಗಿನ ಸುನೀಲ್ ಜೋಶಿ ಅವರನ್ನು ನೋಡಿ. ಹುಡುಗನಾಗಿದ್ದಾಗ ಗದಗಿನಿಂದ ಹುಬ್ಬಳ್ಳಿಗೆ ನಸುಕಿನಲ್ಲಿ ಹೋಗಿ ಅಭ್ಯಾಸ ಮಾಡಿ, ಮತ್ತೆ ಶಾಲೆಗೆ ವಾಪಸ್ ಬರುತ್ತಿದ್ದವರು. 1996ರ ಜೂನ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಟೆಸ್ಟ್. ಬೌಲರ್ ಎಂದು ಆರಿಸಿದ್ದರು. ಬೆರಳಿಗೆ ಪೆಟ್ಟಾಗಿ ಒಂದು ಚೆಂಡನ್ನೂ ಎಸೆಯಲಿಲ್ಲ. ಅದೇ ಮನುಷ್ಯ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್ ಎಸೆದು, ಬರೀ 6 ರನ್ ಕೊಟ್ಟು, 5 ವಿಕೆಟ್ ತೆಗೆದರು. 10 ಓವರಿಗೆ 6 ರನ್. ಇವತ್ತಿನ ಹುಡುಗರು ನಂಬುವುದಿಲ್ಲ, ಇರಲಿ.

ಎಲ್ಲರಿಗೂ ಇಂಥ ಎರಡನೆಯ ಅವಕಾಶ ಸಿಗುವುದಿಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ನಮ್ಮ ಚಿಣಿದಾಂಡಿಗೂ ಕ್ರಿಕೆಟ್ಟಿಗೂ ದೂರದ ಬಳಗ ಎನ್ನಿ. 1905ರ ಜೂನ್ 29ರಂದು ಆರ್ಚಿಬಾಲ್ಡ್ ಗ್ರಹಾಂ ಎಂಬವರು ನ್ಯೂಯಾರ್ಕ್ ತಂಡದಲ್ಲಿ ತಮ್ಮ ಮೊದಲ ದೊಡ್ಡ ಪಂದ್ಯ ಆಡಿದರು. ಕೊನೆಯ ಹೊತ್ತಿನಲ್ಲಿ ಫೀಲ್ಡಿಂಗಿಗೆ ಇಳಿದರು, ಬ್ಯಾಟಿಂಗ್ ಬರಲೇ ಇಲ್ಲ. ಆಮೇಲೆ ಆ ಮಟ್ಟದಲ್ಲಿ ಇನ್ನೊಂದು ಪಂದ್ಯವೂ ಇಲ್ಲ. ಅವರು ವೈದ್ಯರಾಗಿ ಚಿಸೋಮ್ ಎಂಬ ಗಣಿ ಊರಿಗೆ ಹೋಗಿ, ಅಲ್ಲಿನ ಶಾಲೆಯ ಮಕ್ಕಳ ಆರೋಗ್ಯ ನೋಡುತ್ತಾ ದಶಕಗಟ್ಟಲೆ ಅಲ್ಲೇ ಉಳಿದರು. ಅವರ ಬಾಳು ಹಾಳಾಯಿತೆಂದು ನಾನು ಹೇಳಲಾರೆ. ಆದರೆ ಅವರ ಹೆಸರು ಪುಸ್ತಕದಲ್ಲಿದೆ. ಒಂದು ಪಂದ್ಯವಾದರೂ ಇದೆ. ಆ ಒಂದೂ ಇಲ್ಲದವರ ಮಾತು ಬೇರೆ.

ಈಗ ನಮ್ಮೂರಿನ ಮಗಳ ಕಡೆ ಬರುತ್ತೇನೆ. ವಿಜಯಪುರದ ರಾಜೇಶ್ವರಿ ಗಾಯಕವಾಡ್. ಎಡಗೈ ಸ್ಪಿನ್ ಬೌಲರ್. 2014ರ ಜನವರಿ 19ರಂದು ವಿಶಾಖಪಟ್ಟಣದಲ್ಲಿ ಶ್ರೀಲಂಕಾ ವಿರುದ್ಧ ಮೊದಲ ಏಕದಿನ ಪಂದ್ಯ ಆಡಿದರು. ಅದೇ ವರ್ಷ ನವೆಂಬರ್ 16ರಂದು ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮೊದಲ ಟೆಸ್ಟ್. ನಡುವೆ ನವೆಂಬರ್ 1ಕ್ಕೆ ನಮ್ಮ ಊರಿನ ಹೆಸರು ಬದಲಾಯಿತಲ್ಲವೇ? ಹಾಗಾಗಿ ಈ ಹುಡುಗಿ ಏಕದಿನಕ್ಕೆ ಬಿಜಾಪುರದವಳಾಗಿ ಇಳಿದು, ಟೆಸ್ಟಿಗೆ ವಿಜಯಪುರದವಳಾಗಿ ಇಳಿದಳು.

ಮೈಸೂರಿನ ಆ ಪಂದ್ಯವನ್ನು ಭಾರತ ಇನ್ನಿಂಗ್ಸ್ ಮತ್ತು 34 ರನ್‌ಗಳಿಂದ ಗೆದ್ದಿತು. ತಿರುಷ್ ಕಾಮಿನಿ 192 ಹೊಡೆದರು, ಹರ್ಮನ್‌ಪ್ರೀತ್ ಕೌರ್ 9 ವಿಕೆಟ್ ತೆಗೆದರು. ಇಷ್ಟು ದೊಡ್ಡ ಗೆಲುವಿನ ಮೇಲೆ ಮುಂದಿನ ಟೆಸ್ಟ್ ಯಾವಾಗ ಇರಬೇಕು? ಆರು ತಿಂಗಳಿಗೆ? ವರ್ಷಕ್ಕೆ? ಭಾರತದ ಮಹಿಳೆಯರು ಮುಂದಿನ ಟೆಸ್ಟ್ ಆಡಿದ್ದು 2021ರ ಜೂನ್‌ನಲ್ಲಿ. ರಾಜೇಶ್ವರಿಯವರ ಎರಡನೆಯ ಟೆಸ್ಟ್ ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಆಸ್ಟ್ರೇಲಿಯಾದಲ್ಲಿ ಬಂತು. ಮೊದಲನೆಯದಕ್ಕೂ ಎರಡನೆಯದಕ್ಕೂ ಹತ್ತಿರ ಹತ್ತಿರ ಏಳು ವರ್ಷ. ನಮ್ಮ ಶಾಲೆಯಲ್ಲಿ ಐದನೇ ಇಯತ್ತೆಯ ಹುಡುಗಿ ಪಿಯುಸಿ ಮುಗಿಸುವಷ್ಟು ಕಾಲ. ವಿಶ್ವನಾಥರಿಗೆ ಎರಡನೆಯ ಅವಕಾಶ ಅದೇ ಪಂದ್ಯದಲ್ಲಿ ಸಿಕ್ಕಿತು. ಇವರು ಕಾಯ್ದ ಕಾಲವನ್ನು ನೀವೇ ತೂಗಿ ನೋಡಿ.

ಅದಕ್ಕೂ ಹಿಂದಿನವರ ಪಾಡು ಇನ್ನೂ ಬಿಗಿ. ಭಾರತದ ಮಹಿಳೆಯರ ಮೊಟ್ಟಮೊದಲ ಟೆಸ್ಟ್ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1976ರ ಅಕ್ಟೋಬರ್ 31ರಂದು, ವೆಸ್ಟ್ ಇಂಡೀಸ್ ಎದುರು. ನಾಯಕಿ ನಮ್ಮ ರಾಜ್ಯದ ಶಾಂತಾ ರಂಗಸ್ವಾಮಿ. ಆ ಕಾಲದ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಕೂತು, ಡಾರ್ಮಿಟರಿ ನೆಲದ ಮೇಲೆ ಮಲಗಿ ಆಡಿಬಂದವರು. ಆಟ ಹೊಟ್ಟೆ ತುಂಬಿಸುತ್ತದೆ ಎಂಬ ಮಾತೇ ಇರಲಿಲ್ಲ. ಗಂಡಸರಿಗೆ ಕೊಡುವಷ್ಟೇ ಪಂದ್ಯ ಶುಲ್ಕ ಹೆಂಗಸರಿಗೂ ಎಂದು ಕ್ರಿಕೆಟ್ ಮಂಡಳಿ ಘೋಷಿಸಿದ್ದು 2022ರ ಅಕ್ಟೋಬರ್‌ನಲ್ಲಿ.

2017ರ ವಿಶ್ವಕಪ್ ನಿಮಗೆ ನೆನಪಿರಬೇಕು. ಇಂಗ್ಲೆಂಡಿನಲ್ಲಿ ನಡೆಯಿತು. ರಾಜೇಶ್ವರಿ ತಂಡದಲ್ಲಿದ್ದರೂ ಪಂದ್ಯದ ಮೇಲೆ ಪಂದ್ಯ ಹೊರಗೆ ಕೂತಿದ್ದರು. ಜುಲೈ 15, ಡರ್ಬಿ ಊರು, ನ್ಯೂಜಿಲೆಂಡ್ ಎದುರು. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ. ಅಂಥ ದಿನ ಆ ಕೂಟದ ಮೊದಲ ಪಂದ್ಯ ಇವರಿಗೆ ಸಿಕ್ಕಿತು. ಮಿಥಾಲಿ ರಾಜ್ 109 ಹೊಡೆದರು, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 70. ಭಾರತ 265. ಆಮೇಲೆ ರಾಜೇಶ್ವರಿ 7.3 ಓವರಿನಲ್ಲಿ 15 ರನ್ನಿಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಅವತ್ತು ಟಿವಿ ಮುಂದೆ ನಾನು ಎದ್ದು ನಿಂತು ಸೀಟಿ ಹೊಡೆದದ್ದು ಓಣಿಗೆಲ್ಲ ಕೇಳಿಸಿತು.

ಎಂಟು ದಿನಕ್ಕೆ ಲಾರ್ಡ್ಸ್‌ನಲ್ಲಿ ಫೈನಲ್. ಗೆಲ್ಲಲು 229 ಬೇಕಿತ್ತು. ಕೊನೆಯ ವಿಕೆಟ್ ಆಗಿ ಬೌಲ್ಡ್ ಆದವರು ಇದೇ ರಾಜೇಶ್ವರಿ, ಸೊನ್ನೆಗೆ. ಸೋತದ್ದು 9 ರನ್ನಿನಿಂದ. ಅವತ್ತೇ ಇಂಗ್ಲೆಂಡಿನ ಮೊದಲ ವಿಕೆಟ್ ತೆಗೆದವರೂ ಅವರೇ ಎಂಬುದನ್ನು ಜನ ಮರೆತರು. ಊರಿಗೆ ಬಂದ ಮೇಲೆ ಬಬಲೇಶ್ವರದ ಶಾಸಕರೂ ಆಗ ಸಚಿವರೂ ಆಗಿದ್ದ ಎಂ. ಬಿ. ಪಾಟೀಲರು ಬಹುಮಾನವಾಗಿ ಕಾರು ಕೊಡಲು ಮುಂದಾದರು. ಕಾರು ಬೇಡ, ಮನೆಯವರಿಗೆ ಇರಲು ಒಂದು ಮನೆ ಬೇಕು ಎಂದರು ರಾಜೇಶ್ವರಿ. ವಿಶ್ವಕಪ್ ಫೈನಲ್ ಆಡಿ ಬಂದ ಮಗಳು ಕೇಳಿದ್ದು ಒಂದು ಸೂರು. ಇದನ್ನು ನಾನು ಯಾರನ್ನೂ ಆಡಿಕೊಳ್ಳಲು ಹೇಳುತ್ತಿಲ್ಲ. ನಮ್ಮ ಹೆಣ್ಣುಮಕ್ಕಳ ಆಟ ಎಲ್ಲಿಂದ ಎದ್ದು ಬಂದಿದೆ ಎಂದು ತಿಳಿಯಲಿ ಅಂತ ಹೇಳಿದೆ.

ಈಗ ಹೆಸರಿಲ್ಲದ ಒಬ್ಬರ ಮಾತು. ಮೂವತ್ತೈದು ವರ್ಷದ ಹಿಂದೆ ನಾನು ಕೆಲಸಕ್ಕಿದ್ದ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಬೇವಿನ ಮರದ ಹತ್ತಿರದಿಂದ ಎಸೆದರೆ ಚೆಂಡು ನೇರ ಸ್ಟಂಪಿನ ಮೇಲೆ. ಬಯಲಾಟದ ಮೈಕಿನಂಥ ದನಿ ಬೇರೆ, ಅವಳು ಔಟೆಂದು ಕೂಗಿದರೆ ಅಂಪೈರನೂ ಬೆರಳು ಎತ್ತಬೇಕು. ಪಂದ್ಯಗಳಿಗೆ ತಂಡ ಕಳಿಸುವಾಗ ಅವಳ ಹೆಸರನ್ನೂ ಬರೆದೆ. ಹೆಣ್ಣುಮಕ್ಕಳಿಗೆ ಈ ಆಟ ಪಟ್ಟಿಯಲ್ಲೇ ಇಲ್ಲ ಎಂದು ಕಾಗದ ತಿರುಗಿ ಬಂತು. ಖೊಖೋಗೆ ಕಳಿಸಿದೆವು, ಚೆನ್ನಾಗಿ ಆಡಿದಳು. ಹತ್ತನೇ ಇಯತ್ತೆ ಮುಗಿದ ಬೇಸಿಗೆಗೆ ಮದುವೆ. ಅವಳು ಇವತ್ತು ಈ ಸಭೆಯಲ್ಲಿದ್ದಾಳೆ. ಹೆಸರು ಹೇಳಿದರೆ ನನ್ನನ್ನು ಬೈಯುತ್ತಾಳೆ, ಆ ದನಿಯನ್ನು ನಾನು ಮತ್ತೆ ಕೇಳಲು ತಯಾರಿಲ್ಲ. ಅವಳಿಗೆ ಸೊನ್ನೆಗೆ ಔಟಾಗುವ ಅವಕಾಶವೂ ಸಿಗಲಿಲ್ಲ.

ಅದಕ್ಕೇ ಊರ ಹಿರಿಯರಲ್ಲಿ ಒಂದು ಕೋರಿಕೆ. ಶಾಲೆಯ ಹಿಂದಿನ ಬಯಲಿನಲ್ಲಿ ಸಂಜೆ ಗಂಡುಹುಡುಗರು ಆಡುತ್ತಾರೆ, ಆಡಲಿ. ಸುಗ್ಗಿಯಲ್ಲಿ ಜೋಳ ಒಣಹಾಕುತ್ತೀರಿ, ಹಾಕಿ. ಸಂತೆಯ ದಿನ ಟ್ರ್ಯಾಕ್ಟರ್ ನಿಲ್ಲಿಸುವುದನ್ನು ಮಾತ್ರ ಬಿಡಿ, ಚಕ್ರದ ಗಾಡಿ ಬಿದ್ದರೆ ಚೆಂಡು ಎತ್ತ ಪುಟಿಯುತ್ತದೋ ದೇವರಿಗೇ ಗೊತ್ತು. ವಾರದಲ್ಲಿ ಮೂರು ದಿನ, ಬೆಳಿಗ್ಗೆ ಒಂದು ತಾಸು, ಆ ನೆಲ ಹುಡುಗಿಯರಿಗೆ ಇರಲಿ. ಹಳೆಯ ವಿದ್ಯಾರ್ಥಿಗಳು ಕಮಾನಿಗೂ ಕಟ್ಟೆಗೂ ಹಣ ಕೊಟ್ಟಿದ್ದೀರಿ, ಒಳ್ಳೆಯದೇ. ಎರಡು ಕಿಟ್ಟು, ಒಂದು ಮ್ಯಾಟು ಅದರಲ್ಲೇ ಹೊಂದಿಸಬಹುದು. ಅವರಲ್ಲಿ ಯಾರೂ ವಿಶಾಖಪಟ್ಟಣಕ್ಕೆ ಹೋಗದೆ ಇರಬಹುದು. ಟಿಕೋಟಾಕ್ಕೆ ಹೋಗಿ ಸೋತು ಬಂದರೂ ನನಗೆ ಸಾಕು.

ನಾಳೆ ಬೆಳಿಗ್ಗೆ 7ಕ್ಕೆ ಒಂಬತ್ತನೆಯ ಮತ್ತು ಹತ್ತನೆಯ ತರಗತಿಯ ಹುಡುಗಿಯರ ಪಂದ್ಯ ಇಟ್ಟುಕೊಂಡಿದ್ದೇವೆ. ಹತ್ತು ಹತ್ತು ಓವರ್. ಸ್ಕೋರು ನಾನೇ ಬರೆಯುತ್ತೇನೆ. ನೆರಳು ಕಡಿಮೆ ಇದೆ, ಬರುವವರು ಕೊಡೆ ತನ್ನಿ.