ಸಿಪಾಯಿಯನ್ನು ಪ್ರೀತಿಸಿದವರ ಪಾಡು
(ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಭೆಯಲ್ಲಿರುವ ಹಿರಿಯರೇ, ಸ್ನೇಹಿತರೇ, ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಾ ಕುಳಿತಿರುವ ಯುವಕ ಯುವತಿಯರೇ, ಇವತ್ತಿನ ಮಾತು ಹೆಚ್ಚಾಗಿ ನಿಮ್ಮ ಬಗ್ಗೆಯೇ. ಈ ವರ್ಷದ ನಿಧಿ ಮಾನಸಿಕ ಆರೋಗ್ಯದ ಕೆಲಸಕ್ಕೆ ಎಂದು ತೀರ್ಮಾನವಾದ ಮೇಲೆ ಸಮಿತಿಯವರು ನನ್ನನ್ನು ಮಾತಾಡಲು ಕರೆದರು. "ಸಾಫ್ಟ್‌ವೇರ್‌ನವನಿಗೆ ಈ ವಿಷಯ ಯಾಕಪ್ಪಾ?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಡಾಕ್ಟರೂ ಅಲ್ಲ, ಸೈನಿಕನೂ ಅಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ. ಊಟಕ್ಕೆ ತಡ ಮಾಡುವುದಿಲ್ಲ.

ಸೈನ್ಯಕ್ಕೂ ನಮಗೂ ಏನು ಸಂಬಂಧ ಎಂದುಕೊಳ್ಳಬೇಡಿ. ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸೈನ್ಯದಿಂದ ನಿವೃತ್ತರಾದ ಮೇಲೆ 1953ರಿಂದ 1956ರವರೆಗೆ ಇದೇ ಆಸ್ಟ್ರೇಲಿಯಾದಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. ಐಟಿಯವರಾದ ನಾವು ಬರುವುದಕ್ಕೆ ಎಷ್ಟೋ ಮೊದಲೇ ಈ ನೆಲಕ್ಕೆ ಕಾಲಿಟ್ಟ ಕನ್ನಡ ನಾಡಿನ ದೊಡ್ಡ ಮನುಷ್ಯ ಒಬ್ಬ ಸೈನಿಕ. ಈಗ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಇಲ್ಲಿನ ಪ್ರಜೆಗಳು. ಹನ್ನೆರಡನೇ ಕ್ಲಾಸು ಮುಗಿಸಿದವರಿಗೆ ಸೈನ್ಯದಲ್ಲಿ ಗ್ಯಾಪ್ ಇಯರ್ ಇದೆ, ಕ್ಯಾನ್‌ಬೆರಾದಲ್ಲಿ ಡಿಫೆನ್ಸ್ ಅಕಾಡೆಮಿ ಇದೆ, ವಾಗಾ ವಾಗಾ ಹತ್ತಿರದ ಕಪೂಕಾದಲ್ಲಿ ತರಬೇತಿ ಇದೆ. ಮಗನೋ ಮಗಳೋ ಸೇರುತ್ತೇನೆಂದರೆ ನಾವು ಸಂಬಳ ಕೇಳುತ್ತೇವೆ, ಯುದ್ಧಕ್ಕೆ ಕಳಿಸುತ್ತಾರಾ ಎಂದು ಕೇಳುತ್ತೇವೆ. ಆ ವಯಸ್ಸಿನಲ್ಲಿ ಅವರ ಮನಸ್ಸಿನಲ್ಲಿ ಇನ್ನೊಬ್ಬರು ಇರುತ್ತಾರಲ್ಲ, ಅವರ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ.

ಈ ದೇಶದಲ್ಲಿ ಇಪ್ಪತ್ತು ವರ್ಷದ ಹುಡುಗರ ಪ್ರೀತಿಗೆ ಲಾಟರಿ ಎತ್ತಿದ ಕಾಲವೂ ಇತ್ತು. 1965ರಿಂದ 1972ರವರೆಗೆ, ವಿಯೆಟ್ನಾಂ ಯುದ್ಧದ ದಿನಗಳಲ್ಲಿ, ನಮ್ಮ ಪಿಕ್ನಿಕ್ಕಿನಲ್ಲಿ ಹೌಸಿ ಹೌಸಿ ಆಡಿಸುವ ಹಾಗೆ ಪೀಪಾಯಿಯಿಂದ ಗೋಲಿ ಎತ್ತುತ್ತಿದ್ದರು. ಗೋಲಿಯ ಸಂಖ್ಯೆ ನಿಮ್ಮ ಹುಟ್ಟಿದ ತಾರೀಖಿಗೆ ಹೊಂದಿದರೆ ಸೈನ್ಯಕ್ಕೆ ಕರೆ. ಹೀಗೆ ಅರವತ್ತು ಸಾವಿರಕ್ಕೂ ಹೆಚ್ಚು ಹುಡುಗರು ಸೇರಿದರು, ಅವರಲ್ಲಿ ಸುಮಾರು 15,000 ಜನ ವಿಯೆಟ್ನಾಂಗೆ ಹೋದರು. ಹಿಂದಿರುಗಿ ಬಂದವರಲ್ಲಿ ಎಷ್ಟೋ ಜನ ನಿದ್ದೆಗೆಟ್ಟರು, ಕುಡಿದರು, ಸಣ್ಣ ಸದ್ದಿಗೆ ಬೆಚ್ಚಿದರು. ಅದಕ್ಕೆ ಆಗ ಸರಿಯಾದ ಹೆಸರೂ ಇರಲಿಲ್ಲ. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದೇ 1980ರಲ್ಲಿ. ಅಲ್ಲಿಯವರೆಗೆ ಮದುವೆಯಾದ ಹುಡುಗಿಯರು ತಮ್ಮದೇ ಅಡುಗೆ, ತಮ್ಮದೇ ಮಾತು, ತಮ್ಮದೇ ಗುಣ ಸರಿಯಿಲ್ಲವೇನೋ ಎಂದುಕೊಂಡು ಸಂಸಾರ ಮಾಡಿದರು. ರೋಗಕ್ಕೆ ಹೆಸರಿಲ್ಲದಿದ್ದರೆ ತಪ್ಪು ಹೆಂಡತಿಯ ಮೇಲೆ ಬರುತ್ತದೆ. ಇದು ಆಸ್ಟ್ರೇಲಿಯಾದಲ್ಲೂ ಅಷ್ಟೇ, ಅರಸೀಕೆರೆಯಲ್ಲೂ ಅಷ್ಟೇ.

ಹೆಸರು ಬಂದ ಮೇಲೂ ಅದನ್ನು ಬಾಯಿಬಿಟ್ಟು ಹೇಳುವುದು ಸುಲಭವಾಗಲಿಲ್ಲ. ಮೇಜರ್ ಜನರಲ್ ಜಾನ್ ಕ್ಯಾಂಟ್‌ವೆಲ್ ಎಂಬುವರು ಸಾಮಾನ್ಯ ಸಿಪಾಯಿಯಾಗಿ ಸೇರಿ ಆ ಎತ್ತರಕ್ಕೆ ಏರಿದವರು. 1991ರ ಗಲ್ಫ್ ಯುದ್ಧದಲ್ಲಿ, ಜೀವಂತವಾಗಿ ಮರಳಿನಲ್ಲಿ ಹೂತುಹೋದ ಇರಾಕಿ ಸೈನಿಕರನ್ನು ಕಂಡರು. ಮರಳಿನಿಂದ ಹೊರಚಾಚಿದ್ದ ಒಂದು ಕೈ ಅವರ ಕನಸಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಆಮೇಲೆ ಬಾಗ್ದಾದ್ ಆಯಿತು. 2009ರಲ್ಲಿ ವಿಕ್ಟೋರಿಯಾದ ಕಾಳ್ಗಿಚ್ಚಿನ ನಂತರದ ಪರಿಹಾರದ ಕೆಲಸವೂ ಅವರ ಹೆಗಲಿಗೆ ಬಂತು. 2010ರಲ್ಲಿ ಅಫ್ಘಾನಿಸ್ತಾನದಲ್ಲಿದ್ದಾಗ ಅವರ ಕೈಕೆಳಗಿನ ಹತ್ತು ಸೈನಿಕರು ಸತ್ತರು. ಇಷ್ಟೂ ಕಾಲ ಕಾಯಿಲೆಯನ್ನು ಸೈನ್ಯಕ್ಕೆ ತಿಳಿಯದಂತೆ ಮುಚ್ಚಿಟ್ಟರು, ಸುಮಾರು ಇಪ್ಪತ್ತು ವರ್ಷ. ಗೊತ್ತಾದರೆ ಕೆಲಸಕ್ಕೆ ಕುತ್ತು ಎಂಬ ಭಯ. ಕೊನೆಗೆ 2011ರಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಬೇಕಾಯಿತು. ಮರುವರ್ಷ ಪುಸ್ತಕ ಬರೆದು ಎಲ್ಲವನ್ನೂ ಹೇಳಿಕೊಂಡರು. ಜನರಲ್ ಸಾಹೇಬರಿಗೇ ಇಷ್ಟು ಅಂಜಿಕೆ ಎಂದರೆ ಇಪ್ಪತ್ತೆರಡರ ಹುಡುಗನಿಗೆ ಎಷ್ಟಿರಬೇಡ! ಸೈನ್ಯದಿಂದ ಮುಚ್ಚಿಡಬಹುದು, ಸರಿ. ಪಕ್ಕದ ದಿಂಬಿನಲ್ಲಿ ತಲೆಯಿಟ್ಟವರಿಂದ ಮುಚ್ಚಿಡಲಾದೀತೇ? ಮೊದಲು ತಿಳಿಯುವುದು ಅವರಿಗೇ. ಆದರೆ ಕಡೆಯಲ್ಲಿ ಕೇಳುವುದೂ ಅವರನ್ನೇ, ಕೇಳಿದರೆ.

ಕ್ಯಾಂಟ್‌ವೆಲ್ ಬದುಕುಳಿದು ಕತೆ ಹೇಳಿದರು. ಮೆಲ್ಬರ್ನ್‌ನ ಜೆಸ್ಸಿ ಬರ್ಡ್ ಹೇಳಲು ಉಳಿಯಲಿಲ್ಲ. 2009-10ರಲ್ಲಿ ಸಿಪಾಯಿಯಾಗಿ ಅಫ್ಘಾನಿಸ್ತಾನದಲ್ಲಿದ್ದವನು. ಅದೇ ಬೆಟಾಲಿಯನ್ನಿನ ಬೆಂಜಮಿನ್ ರನೌಡೊ ಎಂಬ 22 ವರ್ಷದ ಹುಡುಗ 2009ರ ಜುಲೈನಲ್ಲಿ ಬಾಂಬಿಗೆ ಬಲಿಯಾದ. ಜೆಸ್ಸಿ ಸೈನ್ಯ ಬಿಟ್ಟು ಮನೆಗೆ ಬಂದ, ಪಿಟಿಎಸ್‌ಡಿ ಜೊತೆಯಲ್ಲೇ ಬಂತು. ಅವನಿಗೆ ಕಾಯಿಲೆ ಇದೆ ಎಂದು ಮಾಜಿ ಸೈನಿಕರ ಇಲಾಖೆ ಒಪ್ಪಿತ್ತು. ಆದರೆ ಶಾಶ್ವತ ಹಾನಿಗೆ ಕೇಳಿದ ಪರಿಹಾರದ ಅರ್ಜಿ ತಿರಸ್ಕೃತವಾಯಿತು. 2017ರ ಜೂನ್‌ನಲ್ಲಿ, 32ನೇ ವಯಸ್ಸಿನಲ್ಲಿ, ಜೆಸ್ಸಿ ತನ್ನ ಪ್ರಾಣ ತಾನೇ ಕಳೆದುಕೊಂಡ. ಸರ್ಕಾರ ವಿಚಾರಣೆ ಮಾಡಿಸಿ, ವ್ಯವಸ್ಥೆ ಅವನ ಕೈಬಿಟ್ಟಿತೆಂದು ಒಪ್ಪಿ, ಕುಟುಂಬದವರ ಕ್ಷಮೆ ಕೇಳಿತು. ವಿಕ್ಟೋರಿಯಾದ ಕೊರೋನರ್ ನ್ಯಾಯಾಲಯದಲ್ಲೂ ವಿಚಾರಣೆ ನಡೆಯಿತು.

ಜೆಸ್ಸಿಯ ತಂದೆತಾಯಿಯರ ಜೊತೆಗೆ ಅಂದು ಜನರ ಮುಂದೆ ಬಂದು ಮಾತಾಡಿದ ಇನ್ನೊಬ್ಬರು ಕಾನಿ ಬೋಗ್ಲಿಸ್. ಅವನನ್ನು ಪ್ರೀತಿಸಿ, ಕಾಯಿಲೆಯ ದಿನಗಳಲ್ಲಿ ಜೊತೆ ಬಾಳಿದ್ದವರು. ನಮ್ಮ ಲೆಕ್ಕದಲ್ಲಿ ಇಂಥವರಿಗೆ ಏನು ಸ್ಥಾನ? ಸೊಸೆಯಲ್ಲ, ಬೀಗರ ಮನೆಯವಳಲ್ಲ, ಕರೆಯೋಲೆಯಲ್ಲಿ ಹೆಸರಿಲ್ಲ. "ಇನ್ನೂ ಮದುವೆಯಾಗಿಲ್ಲವಲ್ಲ, ದೂರ ಸರಿದುಬಿಡು" ಎನ್ನುತ್ತೇವೆ. ಸರ್ಕಾರಿ ಫಾರಂ ಅವರನ್ನು ಹೊರಗಿಟ್ಟರೆ ಅದನ್ನು ತಿದ್ದಿಸಬಹುದು. ನಮ್ಮ ಮನೆಯ ಹಜಾರದಿಂದಲೇ ಹೊರಗಿಟ್ಟರೆ ಯಾರು ತಿದ್ದಬೇಕು?

ಇಂಥ ಮನೆಗಳವರು, ಮುಖ್ಯವಾಗಿ ತಾಯಂದಿರು ಮತ್ತು ಸಂಗಾತಿಗಳು, ವರ್ಷಗಟ್ಟಲೆ ಪಟ್ಟುಹಿಡಿದ ಮೇಲೆ 2021ರ ಜುಲೈನಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ನಿಕ್ ಕಾಲ್ಡಾಸ್ ಅದರ ಅಧ್ಯಕ್ಷರು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಅಂತಿಮ ವರದಿಯಲ್ಲಿ 122 ಶಿಫಾರಸುಗಳಿವೆ. ಅದರಲ್ಲಿನ ಒಂದು ಸಂಖ್ಯೆ ನನ್ನ ತಲೆಯಿಂದ ಹೋಗುತ್ತಿಲ್ಲ. 1997ರಿಂದ 2021ರವರೆಗೆ ಆತ್ಮಹತ್ಯೆಯಿಂದ ಸತ್ತ ಹಾಲಿ ಮತ್ತು ಮಾಜಿ ಸೈನಿಕರು ಕನಿಷ್ಠ 1,677. ಅದೇ ಅವಧಿಯಲ್ಲಿ ರಣರಂಗದ ಕರ್ತವ್ಯದಲ್ಲಿ ಸತ್ತವರ ಇಪ್ಪತ್ತು ಪಟ್ಟಿಗೂ ಹೆಚ್ಚು. ಇನ್ನೊಂದು ವಿಷಯ ಗಮನಿಸಿ. ಸೇವೆಯಲ್ಲಿರುವ ಗಂಡಸರಲ್ಲಿ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ ಕಡಿಮೆ. ಸೈನ್ಯ ಬಿಟ್ಟ ಮೇಲೆ ಅದು ಹೆಚ್ಚು, ಸೈನ್ಯ ಬಿಟ್ಟ ಹೆಂಗಸರಲ್ಲಂತೂ ಸಾಮಾನ್ಯ ಹೆಂಗಸರ ಎರಡು ಪಟ್ಟು. ಅಂದರೆ "ಸದ್ಯ, ಮನೆಗೆ ಬಂದನಲ್ಲ, ಇನ್ನು ಚಿಂತೆಯಿಲ್ಲ" ಎಂದು ನಾವು ಪಾಯಸ ಮಾಡುವ ಹೊತ್ತಿಗೇ ಅಪಾಯದ ಕಾಲ ಶುರುವಾಗಿರಬಹುದು.

ಈಗ ನಮ್ಮ ಮನೆಗಳಿಗೆ ಬರೋಣ. "ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂಬ ಗಾದೆ ನಿಮಗೆಲ್ಲ ಗೊತ್ತು. ಗಾದೆ ನಗಿಸುತ್ತದೆ. ಆದರೆ ಅದರ ಎರಡನೆಯ ಅರ್ಧವನ್ನು ನಿಜವೆಂದೇ ನಂಬಿ ಔಷಧಿ ಚೀಟಿಯ ಹಾಗೆ ಬಳಸುವವರಿದ್ದಾರೆ. ಮದುವೆ ಮಾಡಿ, ಸರಿಹೋಗುತ್ತದೆ, ಒಂದು ಮಗುವಾದರೆ ಪೂರ್ತಿ ಸರಿಹೋಗುತ್ತದೆ! ಮದುವೆ ಯಾವ ಕಾಯಿಲೆಗೂ ಔಷಧಿಯಲ್ಲ. ಪ್ರೀತಿಸುವ ಹುಡುಗಿ ನರ್ಸ್ ಅಲ್ಲ, ಕಾವಲುಗಾರಳೂ ಅಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಂಥ ಸಂಸ್ಥೆ ಕಟ್ಟಿ, ಅದರ ಹೆಸರನ್ನೇ ಬೈಗುಳ ಮಾಡಿಕೊಂಡ ಜನ ನಾವು. ಅಲ್ಲಿನ ವೈದ್ಯರಾದರೋ ಮನೆಯವರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ಪದ್ಧತಿಯನ್ನು ದಶಕಗಳ ಹಿಂದೆಯೇ ಬೆಳೆಸಿದರು.

ಇನ್ನೊಂದು ಮಾತು. ಇದು ಕೆಲವರಿಗೆ ಹಿಡಿಸದಿರಬಹುದು. ಕಾಯಿಲೆಯವರನ್ನು ಪ್ರೀತಿಸಿದ ಹುಡುಗನೋ ಹುಡುಗಿಯೋ ತಡೆಯಲಾರದೆ ಬೇರೆಯಾದರೆ ಅವರನ್ನು ಕಟಕಟೆಗೆ ನಿಲ್ಲಿಸಬೇಡಿ. ಉಳಿದವರು ದೇವತೆಗಳಲ್ಲ, ಹೋದವರು ದ್ರೋಹಿಗಳಲ್ಲ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಕಾಯಿಲೆಯ ನೆಪ ಹೇಳಿ ಸಹಿಸಿಕೋ ಎನ್ನುವುದಂತೂ ತಪ್ಪು.

ಪ್ರೀತಿಯೊಂದನ್ನೇ ನಂಬಿ ಒಬ್ಬರೇ ಈ ಭಾರ ಹೊರಬೇಕಾಗಿಲ್ಲ, ಹೊರಲೂ ಆಗುವುದಿಲ್ಲ. ಸೈನ್ಯದಲ್ಲಿ ಪೂರ್ಣಾವಧಿ ಒಂದೇ ಒಂದು ದಿನ ಕೆಲಸ ಮಾಡಿದ್ದರೂ ಮಾನಸಿಕ ಕಾಯಿಲೆಗೆ ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ಸೈನ್ಯದಿಂದಲೇ ಬಂತೆಂದು ಸಾಬೀತು ಮಾಡಬೇಕಿಲ್ಲ. ಸಿಡ್ನಿಯವರು ಕೊಕೊಡಾ ಸ್ಮಾರಕದ ಹಾದಿಯಲ್ಲಿ ವಾಕ್ ಹೋಗುವಾಗ ಪಕ್ಕದಲ್ಲೇ ಕಾಣುವ ಕಾನ್‌ಕರ್ಡ್ ಆಸ್ಪತ್ರೆ, ಮೆಲ್ಬರ್ನ್‌ನ ಹೈಡಲ್‌ಬರ್ಗ್ ರೀಪ್ಯಾಟ್ ಆಸ್ಪತ್ರೆ, ಎರಡೂ ಹುಟ್ಟಿದ್ದೇ ಸೈನಿಕರಿಗಾಗಿ.

ಓಪನ್ ಆರ್ಮ್ಸ್ ಎಂಬ ಸಲಹಾ ಸೇವೆ 1982ರಲ್ಲಿ ವಿಯೆಟ್ನಾಂ ಸೈನಿಕರು ಹೋರಾಡಿ ಪಡೆದದ್ದು. ಅದು ಇವತ್ತು ಸೈನಿಕರ ಸಂಗಾತಿಗೂ ಮಕ್ಕಳಿಗೂ ಉಚಿತ, ಕೆಲವು ಷರತ್ತುಗಳ ಮೇಲೆ ಬೇರೆಯಾದ ಸಂಗಾತಿಗೂ ಸಹ. ಸೈನಿಕ ತಾನು ಬರುವುದಿಲ್ಲವೆಂದರೂ ಸಂಗಾತಿ ಒಬ್ಬರೇ ಹೋಗಬಹುದು.

ಹದಿನೆಂಟು ದಾಟಿದವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಡಾಕ್ಟರು ನಿಮಗೆ ಹೇಳುವಂತಿಲ್ಲ ನಿಜ. ಆದರೆ ನೀವು ಹೇಳುವುದನ್ನು ಅವರು ಕೇಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ರಾತ್ರಿ ನಿದ್ದೆಯಿಲ್ಲ, ಕುಡಿತ ಹೆಚ್ಚಾಗಿದೆ, ಬದುಕಿ ಏನು ಪ್ರಯೋಜನ ಎನ್ನುತ್ತಿದ್ದಾನೆ, ಹೀಗೆ ಕಂಡದ್ದನ್ನು ಬರೆದುಕೊಂಡು ಹೋಗಿ ಹೇಳಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯ ಬೇಡ. ಕೇಳುವುದೇ ಒಳ್ಳೆಯದೆಂದು ತಜ್ಞರು ಹೇಳುತ್ತಾರೆ.

ಈ ನಂಬರುಗಳನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ. ಓಪನ್ ಆರ್ಮ್ಸ್ 1800 011 046, ಹಗಲು ರಾತ್ರಿ. ಸೈನ್ಯದ ಸಂಬಂಧವಿಲ್ಲದ ಮನೆಯವರಿಗೆ ಲೈಫ್‌ಲೈನ್ 13 11 14. ಅಮ್ಮನಿಗೋ ಅಜ್ಜಿಗೋ ಇಂಗ್ಲಿಷ್ ಕಷ್ಟವೆಂದರೆ ಮೊದಲು 131 450ಕ್ಕೆ ಫೋನು ಮಾಡಿ ಕನ್ನಡ ದುಭಾಷಿ ಬೇಕೆಂದು ಕೇಳಿ. ಜೀವಕ್ಕೇ ಅಪಾಯವೆನಿಸಿದರೆ ಯಾರ ಒಪ್ಪಿಗೆಗೂ ಕಾಯದೆ 000.